ಹಳತಾದಷ್ಟೂ ಹದವಾಗುವ ಚರ್ಮ

ಅಥಣಿ ಕಡೆ ಕೈಯಲ್ಲೇ ಹೊಲಿಯುವ ಕೊಲ್ಹಾಪುರಿ ಚಪ್ಪಲಿ ಹೊಸತರಲ್ಲಿ ಬಿರುಸು. ವಿಜಯಪುರದ ಬಿಸಿಲು, ಪಾದದ ಬೆವರು, ಆಗಾಗ ಸವರಿದ ಎಣ್ಣೆ ಸೇರಿ ಅದರ ತಿಳಿಗಂದು ಗಾಢವಾಗುತ್ತದೆ. ತೊಟ್ಟವರ ಅಂಗಾಲಿನ ಅಚ್ಚು ನಿಧಾನಕ್ಕೆ ಅಟ್ಟೆಯಲ್ಲಿ ಮೂಡುತ್ತದೆ. ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ಹದಗೊಂಡ ಚರ್ಮದ ಚೆಲುವು ಇದು. ಮೊಳೆ ಬೇಕಿಲ್ಲ, ಚರ್ಮವನ್ನು ಚರ್ಮದ ದಾರವೇ ಹಿಡಿದಿರುತ್ತದೆ. ದುಬಾರಿ, ಮಳೆಗೆ ಆಗದು ಎನ್ನುವವರಿದ್ದಾರೆ. ಮಳೆಯ ಮಾತು ನಿಜ. ನೆನೆದರೆ ನೆರಳಲ್ಲೇ ಒಣಗಿಸಬೇಕು. ಬೆಲೆಯ ಮಾತನ್ನು ಮಾತ್ರ ಒಪ್ಪಲಾರೆ. ರೆಕ್ಸಿನ್ ಸಿಪ್ಪೆಯೆದ್ದರೆ ಬಿಸಾಡುವುದೇ ಗತಿ. ಇದರ ಹೊಲಿಗೆ ಬಿಚ್ಚಿದರೆ ಮತ್ತೆ ಹೊಲಿಯಬಹುದು, ಅಟ್ಟೆ ಸವೆದರೆ ಹೊಸದು ಕೂಡಿಸಬಹುದು. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆಯ ಜತೆ ನಮ್ಮ ವಿಜಯಪುರ ಜಿಲ್ಲೆಯೂ ಇದೆ. ವಿಜಯಪುರದ ಜಲನಗರದವರೇ, ಕೊಳ್ಳುವಾಗ ಇದನ್ನು ಹೊಲಿದ ಕೈಗಳೊಡನೆ ಚೌಕಾಸಿ ಮಾಡಬೇಡಿ.