ಪ್ರೊಜೆಸ್ಟರೋನಿನ ತಡೆ: ಒಂದು ಸಿದ್ಧಾಂತದ ಕೀರ್ತಿ

ಬಸಿರಿನ ಹಾರ್ಮೋನುಗಳನ್ನು ಕುರಿತ ಪಠ್ಯಗ್ರಂಥಗಳಲ್ಲಿ ಹಂಗೇರಿ ಮೂಲದ ಶರೀರಶಾಸ್ತ್ರಜ್ಞ ಆರ್ಪಾಡ್ ಚಾಪೊ ಅವರ ಹೆಸರಿಗೆ ಸಂದಿರುವ ಗೌರವ ಅಸಾಧಾರಣವಾದುದು. ಗರ್ಭಕೋಶದ ಸ್ನಾಯುವನ್ನು ದೀರ್ಘಕಾಲ ನಿಶ್ಚೇಷ್ಟವಾಗಿ ಇರಿಸುವುದು ಪ್ರೊಜೆಸ್ಟರೋನ್ ಎಂದೂ, ಅದು ಇಳಿದೊಡನೆ ತಡೆ ಕಳಚಿ ಬೇನೆ ತೊಡಗುವುದೆಂದೂ ಅವರು 1956ರಲ್ಲಿ ಮಂಡಿಸಿದ ಸಿದ್ಧಾಂತವು, ತನ್ನ ರಚನೆಯ ಸರಳತೆಯಿಂದಲೂ ವಿವರಣೆಯ ವ್ಯಾಪ್ತಿಯಿಂದಲೂ ಎರಡು ತಲೆಮಾರುಗಳ ಮನಸ್ಸನ್ನು ಗೆದ್ದಿತು. ಇಂದಿಗೂ ವಿದ್ಯಾರ್ಥಿಯು ಪ್ರಸವದ ಅಧ್ಯಾಯವನ್ನು ತೆರೆದರೆ ಮೊದಲು ಎದುರಾಗುವುದು ಅದೇ. ಈ ಕೀರ್ತಿಯು ಅದಕ್ಕೆ ಆಧಾರವಾದ ಪ್ರಮಾಣಗಳನ್ನು ಬಹುದೂರ ಮೀರಿ ಬೆಳೆದಿದೆ ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಪೂರ್ವಕಥೆಯನ್ನು ವಿಸ್ತರಿಸಬೇಕಾದುದಿಲ್ಲ. ಅಂಡವು ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಹಳದಿಯ ಗಂಟು, ಎಂದರೆ ಕಾರ್ಪಸ್ ಲ್ಯೂಟಿಯಮ್, ಇಲ್ಲದೆ ಮೊಲದ ಬಸಿರು ನಿಲ್ಲದೆಂದು ಲುಡ್ವಿಗ್ ಫ್ರೆಂಕೆಲ್ ಕಳೆದ ಶತಮಾನದ ಆರಂಭದಲ್ಲಿ ತೋರಿಸಿದುದೂ, ಆ ಗಂಟಿನ ಸಾರವೊಂದರಿಂದಲೇ ಅಂಡಾಶಯ ತೆಗೆದ ಮೊಲದ ಬಸಿರನ್ನು ಉಳಿಸಬಹುದೆಂದು ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಆಲೆನ್ 1929ರಲ್ಲಿ ಸಾಧಿಸಿದುದೂ ಈ ಶಾಸ್ತ್ರವನ್ನು ಬಲ್ಲವರಿಗೆಲ್ಲ ತಿಳಿದಿರುವ ಸಂಗತಿ. ಗಮನಿಸಬೇಕಾದುದು ಇಷ್ಟೆ: ಆ ಎರಡು ಪ್ರಯೋಗಗಳಲ್ಲಿಯೂ ಇದ್ದದ್ದು ಮೊಲ, ಚಾಪೊ ಅವರ ಮೂಲಪ್ರಯೋಗಗಳಲ್ಲಿಯೂ ಮೊಲವೇ.

ಆ ಪ್ರಯೋಗಗಳು ಸುಂದರವಾದವು. 1952ರಲ್ಲಿ ಅವರು ಕಾರ್ನರ್ ಅವರೊಡನೆ ಗರ್ಭಕೋಶದ ಸ್ನಾಯುವಿನ ಎಳೆಯೊಂದನ್ನು ದ್ರವದಲ್ಲಿ ತೂಗಿಬಿಟ್ಟು, ವಿದ್ಯುತ್ತಿನಿಂದ ಪ್ರಚೋದಿಸಿ, ಅದರ ಸೆಳೆತವನ್ನು ಅಳೆದರು. ಈಸ್ಟ್ರೊಜನ್ ಪಡೆದ ಪ್ರಾಣಿಯ ಸ್ನಾಯುವಾದರೆ, ಪ್ರಚೋದನೆಗಳನ್ನು ಒತ್ತೊತ್ತಾಗಿ ಕೊಟ್ಟಂತೆಲ್ಲ ಸೆಳೆತವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಯಿತು. ಪ್ರೊಜೆಸ್ಟರೋನ್ ಪಡೆದುದಾದರೆ ಅದೇ ಮೆಟ್ಟಿಲು ತಿರುಗಿಬಿದ್ದು ಇಳಿಯತೊಡಗಿತು. ಮುಂದೆ ಇಂಥ ಸ್ನಾಯುವಿನ ಒಂದು ತುದಿಯಲ್ಲಿ ಎದ್ದ ಉದ್ರೇಕವು ಇನ್ನೊಂದು ತುದಿಗೆ ಹರಿಯದೆ ನಡುವೆಯೇ ನಂದಿಹೋಗುವುದನ್ನೂ ಅವರು ಕಂಡರು. ಪ್ರೊಜೆಸ್ಟರೋನ್ ಸ್ನಾಯುವನ್ನು ತಣಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಆದರೆ ಸಾಕ್ಷಿ ಹೇಳುವುದು ಅಷ್ಟನ್ನೇ. ಮೊಲವು ಸುಮಾರು 31 ದಿನಗಳ ತನ್ನ ಬಸಿರಿನ ಉದ್ದಕ್ಕೂ ಪ್ರೊಜೆಸ್ಟರೋನಿಗೆ ಅಂಡಾಶಯವನ್ನೇ ನೆಚ್ಚಿ, ಈಯುವ ಮುನ್ನ ಆ ಆಸರೆಯನ್ನು ಕಳೆದುಕೊಳ್ಳುವ ಪ್ರಾಣಿ. ಇಳಿತವೇ ಪ್ರಸವದ ಕಾರಣವೆಂಬ ಊಹೆಯು ಅಂಥ ಪ್ರಾಣಿಯನ್ನು ನೋಡಿದವರಿಗೆ ಹೊಳೆದುದು ಸಹಜ, ಅದನ್ನು ಸಸ್ತನಿವರ್ಗಕ್ಕೆಲ್ಲ ಹಬ್ಬಿಸಿದುದು ಮಾತ್ರ ಸಾಹಸ.

ಚಾಪೊ ಅವರ ಅಭಿಮಾನಿಗಳು ಇಲ್ಲಿ ಅವರ ಮತ್ತೊಂದು ಪ್ರಯೋಗವನ್ನು ಮುಂದಿಡುವರು. ಅದನ್ನು ನಿಧಾನವಾಗಿ ಪರಿಶೀಲಿಸುವುದು ಅವಶ್ಯ, ಏಕೆಂದರೆ ಇಡೀ ಕಟ್ಟಡದ ಭಾರ ನಿಂತಿರುವುದು ಅದರ ಮೇಲೆ. 1970ರ ದಶಕದ ಆರಂಭದಲ್ಲಿ ಚಾಪೊ ಮತ್ತು ಅವರ ಸಹೋದ್ಯೋಗಿಗಳು ಬಸಿರಿನ ಮೊದಲ ವಾರಗಳಲ್ಲಿದ್ದ ಸ್ತ್ರೀಯರಲ್ಲಿ ಕಾರ್ಪಸ್ ಲ್ಯೂಟಿಯಮನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಏಳನೆಯ ವಾರಕ್ಕೆ ಮುಂಚೆ ತೆಗೆದಾಗ ರಕ್ತದ ಪ್ರೊಜೆಸ್ಟರೋನ್ ಕುಸಿದು ಗರ್ಭಪಾತವಾಯಿತು. ಒಂಬತ್ತನೆಯ ವಾರದ ಈಚೆಗೆ ತೆಗೆದಾಗ, ಆ ಹೊತ್ತಿಗೆ ಮಾಸು ತಾನೇ ಹಾರ್ಮೋನನ್ನು ಹೊರಡಿಸತೊಡಗಿದ್ದುದರಿಂದ, ಬಸಿರು ಉಳಿಯಿತು. ಮೊದಲ ಗುಂಪಿನವರಿಗೂ ಹೊರಗಿನಿಂದ ಪ್ರೊಜೆಸ್ಟರೋನ್ ಕೊಟ್ಟರೆ ಬಸಿರು ನಿಂತಿತು. ತೆಗೆದು ನೋಡುವುದು, ಮತ್ತೆ ಕೊಟ್ಟು ನೋಡುವುದು, ಎಂಬ ಎರಡು ಕ್ರಮಗಳನ್ನೂ ಒಂದೇ ಅಧ್ಯಯನದಲ್ಲಿ ಇಷ್ಟು ಶುಚಿಯಾಗಿ ನಿರ್ವಹಿಸಿದ ಉದಾಹರಣೆಗಳು ವಿರಳ. ಪ್ರಯೋಗಕಾರರಾಗಿ ಚಾಪೊ ದೊಡ್ಡವರೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಇದರಿಂದ ಸಿದ್ಧವಾದುದೇನು? ಎಳೆಯ ಬಸಿರು ನಿಲ್ಲಲು ಪ್ರೊಜೆಸ್ಟರೋನ್ ಬೇಕು ಎಂಬುದು. ಒಂಬತ್ತು ತಿಂಗಳು ತುಂಬಿದ ಬಳಿಕ ಬೇನೆಯನ್ನು ಎಬ್ಬಿಸುವುದು ಪ್ರೊಜೆಸ್ಟರೋನಿನ ಇಳಿತ ಎಂಬುದು ಇಲ್ಲಿ ಎಲ್ಲಿಯೂ ಸಿದ್ಧವಾಗಿಲ್ಲ. ಕಂಬ ಕಿತ್ತರೆ ಅಟ್ಟ ಬೀಳುವುದು ದಿಟ. ಬಿದ್ದ ಅಟ್ಟಗಳೆಲ್ಲ ಕಂಬ ಕಿತ್ತಿದ್ದರಿಂದಲೇ ಬಿದ್ದುವೆನ್ನಲು ಅದು ಆಧಾರವಾಗಲಾರದು. ಪ್ರೊಜೆಸ್ಟರೋನಿನ ಕೆಲಸವನ್ನು ತಡೆಯುವ ಮಿಫೆಪ್ರಿಸ್ಟೋನ್ ಎಂಬ ಔಷಧದಿಂದ ಬಸಿರು ಕೊನೆಗೊಳ್ಳುತ್ತದೆಂಬ ವಾದವೂ ಇದೇ ಜಾತಿಯದು. ಪೋಷಿಸುವ ಕಾರಣವೂ ಬಿಡುಗಡೆಯ ಕಾರಣವೂ ಒಂದೇ ಆಗಿರಬೇಕೆಂಬ ನಿರ್ಬಂಧವು ತರ್ಕದಲ್ಲಿಲ್ಲ. ನಿಸರ್ಗದಲ್ಲಿಯೂ ಇಲ್ಲವೆಂಬುದನ್ನು ಮನುಷ್ಯಸ್ತ್ರೀಯೇ ತೋರಿಸುವಳು, ಏಕೆಂದರೆ ಆಕೆಯ ರಕ್ತದಲ್ಲಿ ಪ್ರೊಜೆಸ್ಟರೋನ್ ಹೆರಿಗೆಯ ಮುನ್ನ ಇಳಿಯುವುದೇ ಇಲ್ಲ, ಮಾಸು ಹೊರಬೀಳುವವರೆಗೂ ಏರಿದ ಮಟ್ಟದಲ್ಲಿಯೇ ಇರುತ್ತದೆ. ಗಿನಿಯಿಲಿಯಲ್ಲಿಯೂ ಹಾಗೆಯೇ.

ಇಳಿತವು ನಿಜವಾಗಿ ನಡೆಯುವ ಕಡೆಯಲ್ಲಾದರೂ ಅದು ಮೊದಲ ಕಾರಣವೇ? ಈ ಪ್ರಶ್ನೆಗೆ ಉತ್ತರ ಬಂದುದು ಕುರಿಯಿಂದ. ಅಮೆರಿಕದ ಐಡಾಹೊ ಪ್ರಾಂತದಲ್ಲಿ ಬಸಿರಿನ 14ನೆಯ ದಿನದ ಸುಮಾರಿಗೆ ವೆರಾಟ್ರಮ್ ಎಂಬ ಗಿಡವನ್ನು ಮೇದ ಕುರಿಗಳಿಗೆ ಹಣೆಯಲ್ಲಿ ಒಂದೇ ಕಣ್ಣುಳ್ಳ ಮರಿಗಳು ಹುಟ್ಟುತ್ತಿದ್ದುವು. ಮಿದುಳೂ ಪಿಟ್ಯುಟರಿ ಗ್ರಂಥಿಯೂ ಕೆಟ್ಟಿದ್ದ ಅಂಥ ಮರಿಗಳನ್ನು ಹೊತ್ತ ತಾಯಿ ದಿನ ತುಂಬಿದರೂ ಈಯದೆ ಉಳಿಯುತ್ತಿತ್ತು. ನ್ಯೂಜಿಲೆಂಡಿನ ಮಾಂಟ್ ಲಿಗಿನ್ಸ್ 1960ರ ದಶಕದಲ್ಲಿ ಗರ್ಭದಲ್ಲಿದ್ದ ಆರೋಗ್ಯವಂತ ಮರಿಯ ಪಿಟ್ಯುಟರಿಯನ್ನೇ ನಾಶಮಾಡಿ ಬಸಿರು ದೀರ್ಘವಾಗುವುದನ್ನೂ, ಮರಿಗೆ ಕಾರ್ಟಿಸಾಲ್ ಹರಿಸಿ ತಾಯಿ ಅಕಾಲದಲ್ಲಿ ಈಯುವುದನ್ನೂ ತೋರಿಸಿಕೊಟ್ಟರು. ಮರಿಯ ಕಾರ್ಟಿಸಾಲ್ ಮಾಸಿನಲ್ಲಿ ಕಿಣ್ವವೊಂದನ್ನು ಎಬ್ಬಿಸುತ್ತದೆ. ಆ ಕಿಣ್ವವು ಪ್ರೊಜೆಸ್ಟರೋನನ್ನು ಈಸ್ಟ್ರೊಜನ್ನಿನ ಹಾದಿಗೆ ತಿರುಗಿಸುತ್ತದೆ. ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ಎಂದರೆ ಇಳಿತವು ಕುರಿಯಲ್ಲಿಯೂ ಮರಿ ಕೊಟ್ಟ ಅಪ್ಪಣೆಯ ಫಲವೇ ಹೊರತು ಮೂಲವಲ್ಲ. ಮನುಷ್ಯರ ಮಾಸಿನಲ್ಲಿ ಆ ಕಿಣ್ವವೇ ಇಲ್ಲದಿರುವುದರಿಂದ ಈ ದಾರಿಯೂ ನಮಗೆ ಮುಚ್ಚಿದೆ. ದಿನ ತುಂಬದೆ ಹುಟ್ಟಿದ ಆ ಮರಿಗಳ ಶ್ವಾಸಕೋಶಗಳು ನಿರೀಕ್ಷೆಗೆ ಮೀರಿ ಅರಳಿದ್ದುದನ್ನು ಲಿಗಿನ್ಸ್ ಗಮನಿಸಿದುದರಿಂದಲೇ 1972ರಲ್ಲಿ ರಾಸ್ ಹೋವೀ ಅವರೊಡನೆ ಅವರು ಪ್ರಕಟಿಸಿದ ಸ್ಟೀರಾಯ್ಡ್ ಚಿಕಿತ್ಸೆ ಜನಿಸಿತು. ಅಕಾಲದಲ್ಲಿ ಹುಟ್ಟಿದ ಅಸಂಖ್ಯ ಶಿಶುಗಳನ್ನು ಉಳಿಸಿದ ಈ ಕಾರ್ಯಕ್ಕೆ ಪ್ರಸವದ ಅಧ್ಯಾಯಗಳಲ್ಲಿ ದೊರೆತಿರುವ ಸ್ಥಳ ಚಾಪೊ ಅವರ ಮೆಟ್ಟಿಲಿಗೆ ದೊರೆತುದಕ್ಕಿಂತ ಕಿರಿದು ಎಂಬುದು ನನಗೆ ನೋವಿನ ವಿಷಯ.

ಒಂದೇ ಹಟ್ಟಿಯಲ್ಲಿ ಕುರಿಯ ಪಕ್ಕದಲ್ಲಿ ಮಲಗುವ ಮೇಕೆಯನ್ನು ನೋಡಿ. ಎರಡೂ ಸುಮಾರು ಐದು ತಿಂಗಳು ಮರಿಯನ್ನು ಹೊರುತ್ತವೆ. ಎರಡು ತಿಂಗಳು ಕಳೆದ ಮೇಲೆ ಅಂಡಾಶಯಗಳನ್ನು ತೆಗೆದರೂ ಕುರಿಯ ಬಸಿರು ಉಳಿಯುತ್ತದೆ. ಮೇಕೆ ಮಾತ್ರ ಕೊನೆಯ ದಿನಗಳವರೆಗೂ, ಅಂಡಾಶಯ ಹೋದೊಡನೆ, ಕಂದು ಹಾಕುತ್ತದೆ. ಇಷ್ಟು ಸಮೀಪದ ಬಂಧುಗಳೇ ಇಷ್ಟು ಭಿನ್ನವಾಗಿರುವಾಗ ಮೊಲದಿಂದ ಮಾನವನಿಗೆ ಒಂದೇ ಜಿಗಿತದಲ್ಲಿ ದಾಟಿದ ಸಿದ್ಧಾಂತದ ಬಗೆಗೆ ಎಷ್ಟು ಎಚ್ಚರ ಬೇಕು! ಹೆಣ್ಣುನಾಯಿಯಂತೂ ಬಸಿರಾಗಲಿ ಆಗದಿರಲಿ, ಬೆದೆಯ ನಂತರದ ಎರಡು ತಿಂಗಳು ಬಹುಮಟ್ಟಿಗೆ ಒಂದೇ ಪ್ರಮಾಣದ ಪ್ರೊಜೆಸ್ಟರೋನನ್ನು ಹೊತ್ತು ತಿರುಗುತ್ತದೆ. ಅದು ಬಸಿರಾಗಿದೆಯೇ ಎಂದು ರಕ್ತದಿಂದ ತಿಳಿಯಬೇಕಾದರೆ ಪಶುವೈದ್ಯನು ರಿಲ್ಯಾಕ್ಸಿನ್ ಎಂಬ ಬೇರೆ ಹಾರ್ಮೋನನ್ನು ಹುಡುಕಬೇಕು.

ಕುದುರೆ ಮತ್ತು ಆನೆಗಳ ಸಾಕ್ಷ್ಯ ಇನ್ನೂ ಗಂಭೀರವಾದುದು. ಬಸಿರಿನ ಉತ್ತರಾರ್ಧದಲ್ಲಿ ಹೆಣ್ಣುಕುದುರೆಯ ರಕ್ತದಲ್ಲಿ ಪ್ರೊಜೆಸ್ಟರೋನ್ ಬಹುತೇಕ ಕಾಣದಾಗುತ್ತದೆ. ಅದರ ಕೆಲಸವನ್ನು ವಹಿಸಿಕೊಳ್ಳುವುದು ಡೈಹೈಡ್ರೊಪ್ರೊಜೆಸ್ಟರೋನ್ ಮೊದಲಾದ ಅದರ ಬಂಧುಗಳು, ಮತ್ತು ಇವುಗಳ ಒಟ್ಟು ಪ್ರಮಾಣ ಈಯುವ ಮುಂಚಿನ ವಾರಗಳಲ್ಲಿ ಇಳಿಯುವ ಬದಲು ಏರುತ್ತದೆ. ಇಪ್ಪತ್ತೆರಡು ತಿಂಗಳು ಮರಿಯನ್ನು ಹೊರುವ ಆನೆಯಲ್ಲಿಯೂ ಮುಖ್ಯ ಹಾರ್ಮೋನು ಇದೇ ಡೈಹೈಡ್ರೊಪ್ರೊಜೆಸ್ಟರೋನ್. ಪ್ರೊಜೆಸ್ಟರೋನನ್ನಷ್ಟೇ ಅಳೆದ ವಿಜ್ಞಾನಿಗಳು, ಇಷ್ಟು ದೊಡ್ಡ ದೇಹದಲ್ಲಿ ಇಷ್ಟು ಅಲ್ಪವೇಕೆ ಎಂದು ಬಹುಕಾಲ ಬೆರಗಾದರು. ಮೊಲಕ್ಕೂ ಮನುಷ್ಯನಿಗೂ ಹೊಂದುವ ಅಳತೆಗೋಲನ್ನು ಹಿಡಿದು ಹೋದುದರಿಂದ ಆನೆಯಲ್ಲಿ ಇದ್ದುದೇ ಅವರ ಕಣ್ಣಿಗೆ ಬೀಳಲಿಲ್ಲ. ಒಂದು ಹಾರ್ಮೋನಿನ ಹೆಸರನ್ನೇ ನಿಯಮದ ಹೆಸರನ್ನಾಗಿ ಮಾಡಿದ ಸಿದ್ಧಾಂತದಿಂದ ಆದ ಹಾನಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈಗ ಸಿದ್ಧಾಂತದ ವಕೀಲರ ವಿಷಯ. ಮನುಷ್ಯರಲ್ಲಿ ಇಳಿತ ಕಾಣದಿದ್ದಾಗ ಅವರು 'ಕ್ರಿಯಾತ್ಮಕ ಇಳಿತ'ವೆಂಬ ಹೊಸ ಮಾತನ್ನು ತಂದರು: ರಕ್ತದಲ್ಲಿ ಹಾರ್ಮೋನು ಹಾಗೆಯೇ ಇರುತ್ತದೆ, ಸ್ನಾಯುಕೋಶದಲ್ಲಿ ಅದನ್ನು ಗ್ರಹಿಸುವ ಎರಡು ಗ್ರಾಹಕಗಳ ಅನುಪಾತ ಬದಲಾಗುವುದರಿಂದ ಕೋಶವು ಅದಕ್ಕೆ ಕಿವುಡಾಗುತ್ತದೆ. ಗ್ರಾಹಕಗಳ ಈ ಬದಲಾವಣೆ ನಿಜವಾದ ಶೋಧ; ಅದನ್ನು ಕಂಡವರ ಶ್ರಮಕ್ಕೆ ನನ್ನ ಮನ್ನಣೆಯಿದೆ. ಆದರೆ ಅದನ್ನು ಚಾಪೊ ಅವರ ವಿಜಯವೆಂದು ಘೋಷಿಸುವುದು ಅನ್ಯಾಯ. ಮಟ್ಟ ಇಳಿದರೆ ಇಳಿತ, ಇಳಿಯದಿದ್ದರೆ ಕ್ರಿಯಾತ್ಮಕ ಇಳಿತ ಎಂದು ಎರಡೂ ದಡಗಳಲ್ಲಿ ಕಾಲಿಟ್ಟು ನಿಂತ ಸಿದ್ಧಾಂತವನ್ನು ಯಾವ ಪ್ರಾಣಿ ತಾನೆ ಸುಳ್ಳುಮಾಡಬಲ್ಲುದು? ಕೋಶವು ಕಿವುಡಾಗುವುದೇಕೆ, ಆ ಗಳಿಗೆಯನ್ನು ನಿಶ್ಚಯಿಸುವವರಾರು ಎಂಬ ನಿಜವಾದ ಪ್ರಶ್ನೆ ಈ ನಾಮಕರಣದ ಹಿಂದೆ ಮರೆಯಾಗುತ್ತದೆ. ಮನುಷ್ಯರ ಮಾಸು ಹೊರಡಿಸುವ ಸಿ.ಆರ್.ಎಚ್. ಎಂಬ ಹಾರ್ಮೋನಿನ ಏರಿಕೆಗೂ ಹೆರಿಗೆಯ ಕಾಲಕ್ಕೂ ಇರುವ ಸಂಬಂಧವನ್ನು 1995ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು; ಅಂಥ ಏರಿಕೆ ಕುರಿಯಲ್ಲಿಯಾಗಲಿ ಮೊಲದಲ್ಲಿಯಾಗಲಿ ಇಲ್ಲ. ಆ ದಿಕ್ಕಿನಲ್ಲಿ ಹುಡುಕುವುದೇ ಒಳಿತೆಂದು ತೋರುತ್ತದೆ.

ಇದು ಪಂಡಿತರ ನಡುವಿನ ಜಗಳ ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅಕಾಲ ಹೆರಿಗೆಯನ್ನು ತಡೆಯಲೆಂದು ಪ್ರೊಜೆಸ್ಟರೋನಿನ ಕೃತಕ ರೂಪವೊಂದನ್ನು, ಹೈಡ್ರಾಕ್ಸಿಪ್ರೊಜೆಸ್ಟರೋನ್ ಕ್ಯಾಪ್ರೋಯೇಟನ್ನು, ಅಮೆರಿಕದ ಔಷಧ ಪ್ರಾಧಿಕಾರವು 2003ರ ಒಂದು ಅಧ್ಯಯನದ ಬಲದ ಮೇಲೆ 2011ರಲ್ಲಿ ಅನುಮೋದಿಸಿತು. ವಾರವಾರವೂ ಅದರ ಸೂಜಿ ಚುಚ್ಚಿಸಿಕೊಂಡ ಬಸುರಿಯರ ಸಂಖ್ಯೆ ಸಣ್ಣದಲ್ಲ. 2019ರಲ್ಲಿ ಪ್ರಕಟವಾದ ಹೆಚ್ಚು ದೊಡ್ಡ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. 2023ರಲ್ಲಿ ಅನುಮೋದನೆಯನ್ನು ಹಿಂದಕ್ಕೆ ಪಡೆಯಲಾಯಿತು. ಗರ್ಭಕೋಶದ ಕೊರಳು ಗಿಡ್ಡವಾಗಿರುವವರಿಗೆ ಯೋನಿಯ ಮೂಲಕ ಕೊಡುವ ಪ್ರೊಜೆಸ್ಟರೋನಿನಿಂದ ಲಾಭವುಂಟೆಂಬುದಕ್ಕೆ ಬೇರೆ ಆಧಾರಗಳಿವೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಡೆಯನ್ನು ಗಟ್ಟಿಮಾಡಿದರೆ ಹೆರಿಗೆ ಮುಂದಕ್ಕೆ ಹೋಗಲೇಬೇಕೆಂಬ ವಿಶ್ವಾಸವು ವೈದ್ಯಲೋಕದಲ್ಲಿ ಇಷ್ಟು ಸುಲಭವಾಗಿ ನೆಲೆಯೂರಿದುದಕ್ಕೆ 1956ರ ಆ ಸಿದ್ಧಾಂತದ ಕೀರ್ತಿಯೂ ಹೊಣೆ. ಹೆರಿಗೆಯ ದಿನದವರೆಗೂ ಮಟ್ಟ ಇಳಿಯದ ಗಿನಿಯಿಲಿಯನ್ನು ಪಠ್ಯಗ್ರಂಥಗಳು ಮೊಲದ ಪಕ್ಕದಲ್ಲಿಯೇ ನಿಲ್ಲಿಸಿದ್ದಿದ್ದರೆ, ಸೂಜಿ ಹಿಡಿಯುವ ಮುನ್ನ ಆ ವೈದ್ಯರು ಇನ್ನೊಂದು ಪ್ರಶ್ನೆಯನ್ನು ಕೇಳುತ್ತಿದ್ದರು.