ಅಳಿಲೂ ಸೊಳ್ಳೆಯೂ

ಅಮೆರಿಕೆಯ ಮಿಸೂರಿ ಸಂಸ್ಥಾನದ ದಕ್ಷಿಣ ಭಾಗವನ್ನು ವ್ಯಾಪಿಸಿರುವ ಓಝಾರ್ಕ್ ಗುಡ್ಡಗಳಲ್ಲಿ, ಮೇ ತಿಂಗಳ ನಾಲ್ಕನೆಯ ಶನಿವಾರ, ಅರುಣೋದಯಕ್ಕೆ ಇನ್ನೂ ಒಂದೆರಡು ಗಳಿಗೆಯಿರುವಾಗಲೇ ಹೆಗಲಿಗೊಂದು ಸಣ್ಣ ಕೋವಿಯನ್ನು ತಗುಲಿಸಿಕೊಂಡು ಹೋಗಿ, ಓಕ್ ಮರವೊಂದರ ಬುಡಕ್ಕೆ ಬೆನ್ನು ಕೊಟ್ಟು ಕುಳಿತವನಿಗೆ ಮೊದಲು ಕೇಳುವ ಸ್ವರವು ಎಡಗಿವಿಯ ಬಳಿ ಶ್ರುತಿ ಹಿಡಿದಿರುವ ಸೊಳ್ಳೆಯದು. ಅಂದಿಗೆ ಅಲ್ಲಿ ಅಳಿಲು ಬೇಟೆಯ ಋತು ಪ್ರಾರಂಭವಾಗುತ್ತದೆ. ಮುಂದಿನ ಫೆಬ್ರವರಿ 15ರವರೆಗೆ ನಡೆಯುತ್ತದೆ. ದಿನಕ್ಕೆ 10 ಅಳಿಲುಗಳೆಂಬುದು ಮಿತಿ. ಪರವಾನಗಿ ಬೇಕು, 1967ರ ಜನವರಿ 1 ಅಥವಾ ಅದರ ಅನಂತರ ಜನಿಸಿದವನಾದರೆ ಬೇಟೆಯ ಶಿಕ್ಷಣವನ್ನು ಪಡೆದಿರಲೂ ಬೇಕು. ಇಪ್ಪತ್ತೆರಡು ವರ್ಷಗಳಿಂದ ಆ ಗುಡ್ಡಗಳ ನೆರೆಯಲ್ಲಿ ವಾಸವಾಗಿರುವ ನಾನು ಈ ವಿನೋದಕ್ಕೆ ಒಳಗಾದೆನೆಂಬುದನ್ನು ಊರಿನ ಬಂಧುಗಳ ಮುಂದೆ ಹೇಳಿಕೊಳ್ಳುವಾಗ ಈಗಲೂ ಧ್ವನಿ ತಗ್ಗುತ್ತದೆ. ಸೇತುವೆ ಕಟ್ಟುವಲ್ಲಿ ಮರಳು ಹೊತ್ತ ಪ್ರಾಣಿಯ ವಂಶವನ್ನು ಕೊಲ್ಲುವುದೇ ಎಂದು ನನ್ನ ಸೋದರತ್ತೆ ಕೇಳಿದುದುಂಟು. ಅಲ್ಲಿಯ ಬೂದು ಅಳಿಲಿನ ಬೆನ್ನಿನ ಮೇಲೆ ರಾಮನ ಬೆರಳಿನ ಗುರುತಿಲ್ಲವೆಂದು ನಾನು ಕೊಟ್ಟ ಉತ್ತರವು ಅವರಿಗೆ ಸಮಾಧಾನವನ್ನು ತಂದಂತೆ ಕಾಣಲಿಲ್ಲ.

ಈ ಬೇಟೆಯ ವಿದ್ಯೆಯಲ್ಲಿ ಗುರಿಯದು ಅಲ್ಪಾಂಶ, ಉಳಿದುದೆಲ್ಲ ಕೂರುವಿಕೆ. ನಮ್ಮ ಮಲೆನಾಡಿನ ಹಿಂದಿನ ಬೇಟೆಗಾರರು ‘ಮರಸು ಕೂರುವುದು’ ಎಂದು ಕರೆಯುತ್ತಿದ್ದುದರ ತಿರುಳೇ ಇದರ ತಿರುಳೂ ಹೌದು. ಬೂದು ಅಳಿಲಾಗಲಿ, ಅದಕ್ಕಿಂತ ದೊಡ್ಡದಾದ, ಕೆಂಪು ಛಾಯೆಯ ಫಾಕ್ಸ್ ಅಳಿಲಾಗಲಿ ನಂಬಿ ಬಾಳುವುದು ಮುಖ್ಯವಾಗಿ ಕಣ್ಣು ಕಿವಿಗಳನ್ನು. ಕಾಡಿನೊಳಗೆ ನೀವು ಕಾಲಿಟ್ಟ ಕ್ಷಣದಲ್ಲಿ ಕೊಂಬೆಗಳೆಲ್ಲ ಬರಿದಾಗುತ್ತವೆ. ಹೆಗಲಿಗಿಂತ ಅಗಲವಾದ ಬೊಡ್ಡೆಯೊಂದನ್ನು ಆಯ್ದು, ಮೂಡುವ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಕಾಲು ಗಳಿಗೆಯಲ್ಲ, ಪೂರ್ತಿ ಇಪ್ಪತ್ತು ನಿಮಿಷಗಳ ಕಾಲ ಕಲ್ಲಿನಂತೆ ಕುಳಿತರೆ, ಆ ಕಾಡು ನಿಮ್ಮನ್ನು ಮರೆತು ಮತ್ತೆ ತನ್ನ ಸಂಸಾರಕ್ಕೆ ತೊಡಗುತ್ತದೆ. ಋತುವಿನ ಆರಂಭದಲ್ಲಿ ಅಳಿಲು ಅರಸಿ ಬರುವುದು ಹಿಪ್ಪುನೇರಳೆಯ ಹಣ್ಣನ್ನು. ರೇಷ್ಮೆಹುಳುವಿಗೆ ಸೊಪ್ಪಾಗಿ ಮಾತ್ರ ಆ ಗಿಡವನ್ನು ಬಲ್ಲ ರಾಮನಗರದ ಕಡೆಯವರಿಗೆ, ಅಲ್ಲಿಯ ಕಾಡುಗಳಲ್ಲಿ ಅದು ಮರವಾಗಿ ನಿಂತು ಕೆಂಪು ಹಣ್ಣಿನಿಂದ ತೂಗುವುದನ್ನು ಕಂಡರೆ ಆಶ್ಚರ್ಯವಾದೀತು. ಆಗಸ್ಟಿನ ಹೊತ್ತಿಗೆ ಹಿಕರಿ ಕಾಯಿ ಬಲಿಯುತ್ತದೆ. ಆಗ ಕಣ್ಣಿಗಿಂತ ಕಿವಿ ಮೇಲು: ಅಳಿಲು ಹಲ್ಲಿನಿಂದ ಕೆತ್ತಿ ಕೆಡಹುವ ಸಿಪ್ಪೆಯ ಚೂರುಗಳು ಎಲೆಯಿಂದೆಲೆಗೆ ತಾಕುತ್ತ ಸಣ್ಣ ಹನಿಮಳೆಯಂತೆ ಉದುರುವ ಸದ್ದನ್ನು ಒಮ್ಮೆ ಗುರುತಿಸಿದವನು ಜನ್ಮದಲ್ಲಿ ಮರೆಯನು. ‘ಕಟಿಂಗ್ಸ್’ ಎಂದು ಅಲ್ಲಿಯವರು ಕರೆಯುವ ಈ ಚೂರುಗಳು ಮರದ ಬುಡದಲ್ಲಿ ಹಸುರಾಗಿ ಹಸಿಯಾಗಿ ಬಿದ್ದಿದ್ದರೆ ಅಂದೇ, ಒಣಗಿ ಕಪ್ಪಾಗಿದ್ದರೆ ಎಂದೋ, ಅಳಿಲು ಅಲ್ಲಿ ಉಂಡಿತೆಂದು ತಿಳಿಯತಕ್ಕದ್ದು.

ಇಷ್ಟೆಲ್ಲವೂ ಸುಲಭವಾಗಿಯೇ ಸಾಧ್ಯವಾಗುತ್ತಿತ್ತು, ಸೊಳ್ಳೆಯಿಲ್ಲದಿದ್ದರೆ. ಉಸಿರಿನೊಡನೆ ಹೊರಡುವ ಇಂಗಾಲದ ಡೈಆಕ್ಸೈಡಿನ ಜಾಡನ್ನು ಹಿಡಿದು, ಮೈಯ ಬಿಸಿಯನ್ನೂ ಬೆವರಿನ ವಾಸನೆಯನ್ನೂ ಅನುಸರಿಸಿ ಬರುವ ಆ ಜಂತುವಿಗೆ, ಇಪ್ಪತ್ತು ನಿಮಿಷ ಅಲುಗದೆ ಕುಳಿತ ಬೇಟೆಗಾರನಿಗಿಂತ ಅನುಕೂಲವಾದ ಆತಿಥೇಯನು ಬೇರಾರಿದ್ದಾನೆ? ಯಾವ ನಿಶ್ಚಲತೆಯು ಅಳಿಲನ್ನು ನಮ್ಮ ಬಳಿಗೆ ಕರೆಯುತ್ತದೆಯೋ ಅದೇ ನಿಶ್ಚಲತೆಯು ಸೊಳ್ಳೆಯನ್ನೂ ಕರೆಯುತ್ತದೆ. ನನ್ನ ಮೊದಲನೆಯ ವರ್ಷದಲ್ಲಿ, ಹತ್ತು ಮಾರು ದೂರದ ಕೊಂಬೆಯ ಮೇಲೆ ಕೊಬ್ಬಿದ ಗಂಡಳಿಲೊಂದು ಮುಂಗಾಲುಗಳಲ್ಲಿ ಕಾಯಿ ಹಿಡಿದು ಕುಳಿತಿದ್ದಾಗ, ಹಣೆಯ ಮೇಲೆ ಕುಳಿತ ಒಂದೇ ಒಂದು ಸೊಳ್ಳೆಗೆ ನಾನು ಹೊಡೆದ ಪೆಟ್ಟು ಇಡೀ ಕಣಿವೆಗೆ ಡಂಗುರ ಸಾರಿತು. ಸೊಳ್ಳೆಯೂ ಸಾಯಲಿಲ್ಲ. ಆದಕಾರಣ, ಸೊಳ್ಳೆಯ ನಿವಾರಣೆಯನ್ನು ಬೇಟೆಯ ಗ್ರಂಥಗಳ ಕೊನೆಯಲ್ಲಿ ಅನುಬಂಧವಾಗಿ ಸೇರಿಸುವವರು ಈ ಕಲೆಯನ್ನು ಅರಿತವರಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಅದು ಪ್ರಥಮ ಅಧ್ಯಾಯವಾಗಬೇಕು, ಗುರಿಯ ಮಾತು ತರುವಾಯ.

ಈ ಎರಡು ಜೀವಗಳ ಸಂಬಂಧವು ನಾವು ಎಣಿಸುವುದಕ್ಕಿಂತ ನಿಕಟವಾದುದು. ಏಡಿಸ್ ಟ್ರೈಸೀರಿಯೇಟಸ್ ಎಂಬ ಅಲ್ಲಿಯ ಕಾಡುಸೊಳ್ಳೆಯು ಹಳೆಯ ಓಕ್ ಮರಗಳ ಪೊಟರೆಯಲ್ಲಿ ನಿಂತ ಮಳೆನೀರಿನಲ್ಲಿ ಹುಟ್ಟುತ್ತದೆ. ಇತರ ಹಲವು ಸೊಳ್ಳೆಗಳಂತೆ ಸಂಜೆಯನ್ನು ಕಾಯದೆ ಹಗಲಿನಲ್ಲಿಯೇ ಕಚ್ಚುತ್ತದೆ. 1960ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲಾ ಕ್ರಾಸ್ ಪಟ್ಟಣದಲ್ಲಿ ಮಿದುಳಿನ ಉರಿಯೂತದಿಂದ ಮೃತವಾದ ಮಗುವೊಂದರಿಂದ ಮುಂದೆ ಬೇರ್ಪಡಿಸಲ್ಪಟ್ಟು, ಆ ಊರಿನ ಹೆಸರನ್ನೇ ಪಡೆದ ವೈರಾಣುವನ್ನು ಹೊರುವುದು ಇದೇ ಸೊಳ್ಳೆ. ಆ ವೈರಾಣು ಕಾಡಿನಲ್ಲಿ ವೃದ್ಧಿಯಾಗುವುದು ಬೂದು ಅಳಿಲು ಮತ್ತು ಚಿಪ್‌ಮಂಕ್‌ಗಳ ರಕ್ತದಲ್ಲಿ. ದೊಡ್ಡವರಿಗೆ ಇದರಿಂದ ಸಾಮಾನ್ಯವಾಗಿ ಬಾಧೆಯಿಲ್ಲ. ತೀವ್ರವಾಗಿ ಪೀಡಿಸುವುದು ಮಕ್ಕಳನ್ನು. ಮಗನನ್ನೋ ಮೊಮ್ಮಗನನ್ನೋ ಬೇಟೆಗೆ ಕರೆದೊಯ್ಯುವವರು ಇದನ್ನು ನೆನಪಿನಲ್ಲಿಡಬೇಕು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ಅದನ್ನು ಬರಿದು ಮಾಡಿಸಿ ಉಪದ್ರವವನ್ನು ತಗ್ಗಿಸಿಕೊಂಡನು. ಕಾಡಿನ ಪೊಟರೆಗಳನ್ನು ಬೋರಲು ಹಾಕುವ ಭಾಗ್ಯವು ನಮಗಿಲ್ಲ.

ಉಳಿದುದು ಆತ್ಮರಕ್ಷಣೆ. ಉಡುಪಿನಿಂದಲೇ ತೊಡಗಬೇಕು. ಶೇಕಡಾ 0.5ರ ಪರ್ಮೆಥ್ರಿನ್ ದ್ರಾವಣವನ್ನು ಅಂಗಿ, ಷರಾಯಿ, ಕಾಲುಚೀಲಗಳಿಗೆ ತೋಯುವಂತೆ ಸಿಂಪಡಿಸಿ, ಬಯಲಿನಲ್ಲಿ ತೂಗಹಾಕಿ, ಸಂಪೂರ್ಣ ಒಣಗಿದ ಮೇಲೆಯೇ ತೊಡಬೇಕು. ಅದು ಹಲವು ಒಗೆತಗಳವರೆಗೆ ನಿಲ್ಲುತ್ತದೆ, ಓಝಾರ್ಕಿನ ಇನ್ನೊಂದು ಶಾಪವಾದ ಉಣ್ಣೆಯನ್ನೂ ಕೊಲ್ಲುತ್ತದೆ. ಅದನ್ನು ಚರ್ಮಕ್ಕೆ ಮಾತ್ರ ಹಚ್ಚಕೂಡದು. ಹಸಿಯಾಗಿರುವಾಗ ಬೆಕ್ಕಿನ ಬಳಿಗೂ ಸುಳಿಯಗೊಡಬಾರದು, ಅದಕ್ಕೆ ಅದು ವಿಷ. ತೆರೆದ ಮೈಗೆ ಡೀಟ್. ಅಮೆರಿಕೆಯ ಸೈನ್ಯವು 1946ರಲ್ಲಿ ಕಂಡುಹಿಡಿದು, 1957ರಿಂದ ಸಾಮಾನ್ಯ ಜನರಿಗೂ ದೊರೆತ ಈ ಲೇಪವು ಶೇಕಡಾ 25ರಿಂದ 30ರಷ್ಟಿದ್ದರೆ ಒಂದು ಬೆಳಗಿನ ಕೂಟಕ್ಕೆ ಸಾಕು; ಶೇಕಡಾ ನೂರರ ಸೀಸೆಯನ್ನು ಕೊಳ್ಳುವುದು ದುಡ್ಡಿನ ದಂಡ. ಆದರೆ ಇದಕ್ಕೊಂದು ದುರ್ಗುಣವಿದೆ: ಪ್ಲಾಸ್ಟಿಕ್ಕನ್ನೂ ವಾರ್ನಿಷನ್ನೂ ಕರಗಿಸುತ್ತದೆ. ನೆರೆಯವರಿಂದ ಎರವಲು ತಂದ ಕೋವಿಯ ವಾಲ್ನಟ್ ಮರದ ಹಿಡಿಯ ಮೇಲೆ ನನ್ನ ಐದು ಬೆರಳುಗಳ ಅಚ್ಚು ಮೂಡಿದುದನ್ನು ಹಿಂದಿರುಗಿಸುವಾಗ ಪಟ್ಟ ನಾಚಿಕೆಯು, ರಾಮನ ಬೆರಳಿನ ಗುರುತಿನ ಬಗ್ಗೆ ನಾನಾಡಿದ ಚಾತುರ್ಯಕ್ಕೆ ತಕ್ಕ ಪ್ರಾಯಶ್ಚಿತ್ತವೆಂದು ತೋರಿತು. ಅಂದಿನಿಂದ ನಾನು ಬಳಸುವುದು ಪಿಕಾರಿಡಿನ್, ಶೇಕಡಾ 20. ಮರಕ್ಕೂ ಕೋವಿಗೂ ನಿರಪಾಯಕರ. ಸಿಟ್ರೊನೆಲ್ಲಾ ಎಣ್ಣೆಯು ಪರಿಮಳಕ್ಕೆ ಸೊಗಸು, ಆದರೆ ಬೇಗ ಆರಿಹೋಗುತ್ತದೆ.

ಈಚಿನ ವರ್ಷಗಳಲ್ಲಿ ಬೇಟೆಗಾರರ ಜೇಬಿನಲ್ಲಿ ಕಾಣುವ ಥರ್ಮಾಸೆಲ್ ಎಂಬ ಸಣ್ಣ ಯಂತ್ರವು ಬ್ಯೂಟೇನ್ ಅನಿಲದ ಬಿಸಿಯಿಂದ ಅಲೆಥ್ರಿನ್ ಸವರಿದ ಬಿಲ್ಲೆಯೊಂದನ್ನು ಕಾಯಿಸಿ, ಸುತ್ತ ಹದಿನೈದು ಅಡಿಯಷ್ಟು ಜಾಗವನ್ನು ಕಾಯುತ್ತದೆಂದು ಅದನ್ನು ಮಾಡುವವರು ಹೇಳುತ್ತಾರೆ. ಸೇವಂತಿಗೆಯ ಬಳಗದ ಪೈರೆತ್ರಮ್ ಹೂವಿನ ಸತ್ತ್ವವನ್ನು ಅನುಕರಿಸಿ 1949ರಲ್ಲಿ ತಯಾರಿಸಲ್ಪಟ್ಟ ಈ ಅಲೆಥ್ರಿನ್, ನಮ್ಮ ಮನೆಗಳ ಸೊಳ್ಳೆಬತ್ತಿಯಲ್ಲಿ ಉರಿದುದೇ ಆಗಿದೆ. ಓಝಾರ್ಕಿನ ಕಾಡಿನಲ್ಲಿ ಅದು ಮೆಲ್ಲನೆ ಮೂಗಿಗೆ ಬಂದಾಗ ನನಗೆ ಬೇಸಗೆಯ ರಜೆಯ ಜಗಲಿ ನೆನಪಾಗುವುದುಂಟು. ಗಾಳಿ ಬೀಸಿದರೆ ಇದು ನಿಷ್ಪ್ರಯೋಜಕ. ಆದರೆ ಗಾಳಿ ಬೀಸಿದರೆ ಸೊಳ್ಳೆಯೂ ಹಾರಲಾರದು, ಅಳಿಲೂ ಹೊರಗೆ ಬಾರದು. ಎಲೆಯ ಅಲುಗಾಟದಲ್ಲಿ ಬಾಲದ ಅಲುಗಾಟವನ್ನು ಗುರುತಿಸುವುದಾದರೂ ಹೇಗೆ? ಆ ದಿನ ಮನೆಯಲ್ಲಿರುವುದು ವಿವೇಕ. ತೊರೆಯ ತಗ್ಗನ್ನು ಬಿಟ್ಟು, ಮಂದವಾದ ಗಾಳಿಯಾಡುವ ದಿಬ್ಬದ ಪಕ್ಕೆಯಲ್ಲಿ ಕೂರುವುದು ನನ್ನ ರೂಢಿ. ಮುಖಕ್ಕೆ ಬಲೆ ಕಟ್ಟುವವರು ಕಪ್ಪು ಬಲೆಯನ್ನೇ ಆರಿಸಬೇಕು. ಬಿಳಿಯದು ಬೆಳಕಿನಲ್ಲಿ ಕಣ್ಣಿಗೆ ಮಂಜು ಕವಿಸುತ್ತದೆ. ಅದೇ ಬಲೆಯೂ ಕೈಗವಸೂ ಹೊಳೆಯುವ ಮುಖ ಮತ್ತು ಅಂಗೈಗಳನ್ನು ಅಳಿಲಿನ ಕಣ್ಣಿನಿಂದ ಮರೆಸುವುದರಿಂದ ಲಾಭವು ಇಮ್ಮಡಿ.

ಇನ್ನು ಗುರಿಯ ಮಾತು. ಪಕ್ಷಿಗಳ ಚಿತ್ರಕಾರನಾದ ಆಡುಬನ್, ಡೇನಿಯಲ್ ಬೂನ್ ಎಂಬ ಪ್ರಸಿದ್ಧ ಬೇಟೆಗಾರನು ಕೆಂಟಕಿ ನದಿಯ ದಡದಲ್ಲಿ, ಅಳಿಲಿಗೆ ಗುಂಡು ತಾಕಿಸದೆ ಅದರ ಕೆಳಗಿನ ತೊಗಟೆಯನ್ನು ಮಾತ್ರ ಸಿಡಿಸಿ ಆ ಆಘಾತದಿಂದಲೇ ಕೆಡಹುತ್ತಿದ್ದುದನ್ನು ತಾನು ಕಂಡೆನೆಂದು ಬರೆದಿದ್ದಾನೆ. ಇತಿಹಾಸಕಾರರು ಆ ಭೇಟಿಯನ್ನೇ ಸಂದೇಹಿಸುತ್ತಾರೆ. ನಾನಂತೂ ತೊಗಟೆಯನ್ನು ಧಾರಾಳವಾಗಿ ಸಿಡಿಸಿದ್ದೇನೆ, ಅಳಿಲು ಬೀಳಲಿಲ್ಲ. .22ರ ಗುಂಡು ಒಂದು ಮೈಲಿಗೂ ಮಿಕ್ಕಿ ಹಾರಬಲ್ಲುದಾದ್ದರಿಂದ, ಹಿಂದೆ ದಪ್ಪ ಬೊಡ್ಡೆಯಿಲ್ಲದೆ ಬಯಲು ಆಕಾಶದತ್ತ ಅದನ್ನು ಹಾರಿಸುವುದು ಅಪರಾಧಕ್ಕೆ ಸಮಾನ. ಎಲೆ ದಟ್ಟವಾಗಿರುವ ಬೇಸಗೆಯಲ್ಲಿ ಚರೆಯ ಕೋವಿಯೇ ಕ್ಷೇಮಕರ. ಬೊಡ್ಡೆಯ ಆಚೆಗೆ ಸರಿದು ಅಡಗಿದ ಅಳಿಲನ್ನು ಈಚೆಗೆ ತರಲು, ಮರದ ಹಿಂಬದಿಗೆ ಒಂದು ಕಡ್ಡಿಯನ್ನೆಸೆದರೆ ಸಾಕು. ಒಂದು ಬಿದ್ದ ಕೂಡಲೆ ಓಡಿಹೋಗಿ ಎತ್ತಿಕೊಳ್ಳುವುದು ಹೊಸಬರ ತಪ್ಪು; ಬಿದ್ದ ಜಾಗವನ್ನು ಕಣ್ಣಿನಲ್ಲಿ ಗುರುತಿಟ್ಟು ಕುಳಿತೇ ಇದ್ದರೆ, ತುಸು ಹೊತ್ತಿನಲ್ಲಿ ಉಳಿದವು ಮತ್ತೆ ತಿನ್ನಲು ತೊಡಗುತ್ತವೆ. ನಿಮ್ಮ ಲೇಪದ ಸತ್ತ್ವವು ಪರೀಕ್ಷೆಗೆ ಬರುವುದು ಈ ಹೊತ್ತಿನಲ್ಲಿಯೇ.

ಕರ್ನಾಟಕದ ಓದುಗರು ಇದನ್ನು ಕೋವಿಯ ಆಹ್ವಾನವೆಂದು ಭಾವಿಸಬಾರದು. ನಮ್ಮ ಕೆಂಜಳಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷೆಯಿದೆ, ಇರಲೂ ಬೇಕು. ಆದರೆ ದಾಂಡೇಲಿಯ ಕಡೆ ಎತ್ತರದ ಕೊಂಬೆಯಲ್ಲಿ ಎಲೆ ಕಡ್ಡಿಗಳ ಗುಂಡನೆಯ ಗೂಡನ್ನು ಕಂಡು, ಅದರ ಒಡೆಯನು ಇಳಿದು ಬರುವುದನ್ನು ನೋಡಬೇಕೆಂದು ಕುಳಿತುಕೊಳ್ಳುವವರಿಗೆ ಮೇಲಿನ ವಿಧಿಗಳೆಲ್ಲ, ತೋಟಾ ಒಂದನ್ನುಳಿದು, ಹಾಗೆಯೇ ಸಲ್ಲುತ್ತವೆ. ಓಝಾರ್ಕಿನ ನೆರೆಯ ಕನ್ನಡಿಗರಿಗೆ ಒಂದು ಮಾತು: ಉಡುಪಿಗೆ ಔಷಧ ಹಾಕುವ ಕೆಲಸವನ್ನು ಗುರುವಾರವೇ ಮುಗಿಸಿಕೊಳ್ಳಿ, ಶುಕ್ರವಾರ ರಾತ್ರಿ ತೋಯಿಸಿದ ಅಂಗಿಯು ಶನಿವಾರದ ಬೆಳಗಿಗೆ ಪೂರ್ತಿ ಒಣಗದೆ ಇರಬಹುದು.