‘ಟಾರ್ಗೆಟ್ ಫಾರ್ ಟುನೈಟ್’: ಯುದ್ಧಕಾಲದ ಒಂದು ಚಿತ್ರದ ಪ್ರಾಮಾಣ್ಯ ವಿಚಾರ

ಎರಡನೆಯ ಮಹಾಯುದ್ಧದ ಪಾಠವನ್ನು ಹೇಳುವಾಗ ಆ ಕಾಲದ ಚಲಚ್ಚಿತ್ರಗಳನ್ನು ತರಗತಿಯಲ್ಲಿ ತೋರಿಸುವ ಪದ್ಧತಿ ಈಚೆಗೆ ಸಾಕಷ್ಟು ಬಳಕೆಗೆ ಬಂದಿದೆ. ಪದ್ಧತಿಯೇನೋ ಒಳ್ಳೆಯದೇ. ಆದರೆ ಶಾಸನವೊಂದನ್ನು ಕೈಗೆತ್ತಿಕೊಂಡಾಗ ನಾವು ತಪ್ಪದೆ ಕೇಳುವ ಪ್ರಶ್ನೆಗಳನ್ನು ಚಿತ್ರದ ವಿಷಯದಲ್ಲಿ ಕೇಳುವುದಿಲ್ಲ. ಅರಸನು ಶತ್ರುಸೈನ್ಯವನ್ನು ನಿಶ್ಶೇಷಗೊಳಿಸಿದನೆಂದು ಪ್ರಶಸ್ತಿಶಾಸನ ಹೇಳಿದರೆ, ಬರೆಸಿದವರಾರು, ಬರೆದವನಿಗೆ ಆ ಸಂಗತಿ ತಿಳಿದುದು ಹೇಗೆ ಎಂದು ವಿಚಾರಿಸದೆ ಯಾವ ಅಧ್ಯಾಪಕನೂ ಅದನ್ನು ಅಂಗೀಕರಿಸಲಾರನು. ತೆರೆಯ ಮೇಲೆ ಕಂಡದ್ದನ್ನಾದರೋ ನಾವು ಕಣ್ಣಾರೆ ಕಂಡದ್ದೆಂದೇ ಭಾವಿಸಿಬಿಡುತ್ತೇವೆ.

ನಮ್ಮ ತರಗತಿಯಲ್ಲಿ ‘ಟಾರ್ಗೆಟ್ ಫಾರ್ ಟುನೈಟ್’ ಎಂಬ ಬ್ರಿಟಿಷ್ ಚಿತ್ರವನ್ನು ತೋರಿಸಿದ ಸಂದರ್ಭದಲ್ಲಿ ವಿದ್ಯಾರ್ಥಿಯೊಬ್ಬನು, “ಸರ್, ಇದರಲ್ಲಿ ನಟರೇ ಇಲ್ಲವಲ್ಲ. ಮೇಲೆ ಸುಳ್ಳಿಗೆ ಅವಕಾಶವೆಲ್ಲಿದೆ?” ಎಂದು ಕೇಳಿದನು. ಆಗ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಕರವಾಗಿರಲಿಲ್ಲ. ಆ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕೆಂದಿದ್ದೇವೆ.

ಚಿತ್ರವು ತೆರೆಕಂಡದ್ದು ೧೯೪೧ರ ಜುಲೈ ತಿಂಗಳ ಕೊನೆಯಲ್ಲಿ. ತಯಾರಿಸಿದ್ದು ಬ್ರಿಟಿಷ್ ಸರ್ಕಾರದ ವಾರ್ತಾಖಾತೆಗೆ ಸೇರಿದ ಕ್ರೌನ್ ಫಿಲ್ಮ್ ಯೂನಿಟ್. ನಿರ್ದೇಶಕ ಹ್ಯಾರಿ ವಾಟ್. ೧೯೩೬ರ ‘ನೈಟ್ ಮೇಲ್’ ಚಿತ್ರದಲ್ಲಿ ಅಂಚೆಯ ರೈಲನ್ನೂ ಅದರ ಕೆಲಸಗಾರರನ್ನೂ ಬೇಸಿಲ್ ರೈಟನೊಡನೆ ಸೇರಿ ತೋರಿಸಿದವನು ಇವನೇ. ಈ ಚಿತ್ರದ ಅವಧಿ ಒಂದು ಗಂಟೆಯೂ ಇಲ್ಲ. ಒಂದು ವೆಲಿಂಗ್ಟನ್ ಬಾಂಬರ್ ವಿಮಾನ, ಅದರ ಸಿಬ್ಬಂದಿ, ಒಂದು ರಾತ್ರಿಯ ದಾಳಿ—ಕಥೆ ಇಷ್ಟೇ. ಪಾತ್ರ ವಹಿಸಿದವರೆಲ್ಲ ರಾಯಲ್ ಏರ್ ಫೋರ್ಸಿನವರು; ಬಾಂಬರ್ ಕಮಾಂಡಿನ ಅಂದಿನ ಮುಖ್ಯಾಧಿಕಾರಿ ಸರ್ ರಿಚರ್ಡ್ ಪಿಯರ್ಸ್ ಸ್ವತಃ ಕಾಣಿಸಿಕೊಂಡಿದ್ದಾನೆ. ಜನರು ಇದನ್ನು ನೋಡಲು ಯಾರ ಒತ್ತಾಯವೂ ಬೇಕಾಗಲಿಲ್ಲ. ಕಥಾಚಿತ್ರಗಳ ಜೊತೆಯಲ್ಲಿ, ದುಡ್ಡು ಕೊಟ್ಟು ಹೋಗುವ ಚಿತ್ರಮಂದಿರಗಳಲ್ಲಿಯೇ ನೋಡಿದರು. ೧೯೪೨ರಲ್ಲಿ ಅಮೆರಿಕದ ಅಕಾಡೆಮಿಯು ಇದಕ್ಕೆ ವಿಶೇಷ ಪ್ರಶಸ್ತಿಯನ್ನಿತ್ತಿತು.

ಇದರ ಗುಣವೆಲ್ಲಿದೆ ಎಂಬುದನ್ನು ಮೊದಲು ಹೇಳುವುದು ನ್ಯಾಯ. ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದು ಬಂದ ಛಾಯಾಚಿತ್ರಗಳ ಪೊಟ್ಟಣ, ಅದನ್ನು ಪರಿಶೀಲಿಸಿ ಗುರಿಯನ್ನು ಗೊತ್ತುಮಾಡುವ ಕಚೇರಿ, ಅಲ್ಲಿಂದ ವಿಮಾನನಿಲ್ದಾಣಕ್ಕೆ ಬರುವ ಆಜ್ಞೆ, ಹವೆಯ ಬಗ್ಗೆ ಅನುಮಾನಿಸುವ ಅಧಿಕಾರಿ, ಹೊರಡುವ ಮುನ್ನ ಉಡುಪು ತೊಡುತ್ತ ಹಾಸ್ಯವಾಡುವ ತರುಣರು, ಇವನ್ನೆಲ್ಲ ವಾಟನು ಆತುರವಿಲ್ಲದೆ ತೋರಿಸುತ್ತಾನೆ. ಯಾರೂ ದೇಶಭಕ್ತಿಯ ಭಾಷಣ ಮಾಡುವುದಿಲ್ಲ. ‘ಎಫ್ ಫಾರ್ ಫ್ರೆಡ್ಡಿ’ ಎಂಬ ಈ ವಿಮಾನದ ನಾಯಕ ಪೈಪು ಸೇದುವ ಮಿತಭಾಷಿ. ಅವನ ಪಾತ್ರ ವಹಿಸಿದ ಪರ್ಸಿ ಪಿಕಾರ್ಡ್ ನಿಜವಾಗಿಯೂ ಬಾಂಬರ್ ವಿಮಾನವನ್ನು ನಡೆಸುತ್ತಿದ್ದವನು. ಗುರಿಯ ಮೇಲೆ ವಿಮಾನಕ್ಕೆ ಗುಂಡಿನ ಪೆಟ್ಟು ಬೀಳುತ್ತದೆ, ವೈರ್‌ಲೆಸ್ ನೋಡಿಕೊಳ್ಳುವವನ ಕಾಲಿಗೆ ಗಾಯವಾಗುತ್ತದೆ. ಉಳಿದ ವಿಮಾನಗಳು ಹಿಂತಿರುಗಿದ ಮೇಲೂ ಇದೊಂದು ಬಾರದೆ, ಮಂಜು ಕವಿಯುತ್ತಿರುವ ನಿಲ್ದಾಣದಲ್ಲಿ ಕಾದಿರುವವರ ಮೌನವುಂಟಲ್ಲ, ಅದನ್ನು ನಟರಿಂದ ಮಾಡಿಸುವುದು ಕಷ್ಟ. ಈ ಭಾಗಗಳಲ್ಲಿ ಚಿತ್ರವು ಇತಿಹಾಸಕಾರನಿಗೆ ನಿಸ್ಸಂದೇಹವಾಗಿ ಒಂದು ಆಕರ. ಆ ತರುಣರು ಹೇಗೆ ಮಾತನಾಡುತ್ತಿದ್ದರು, ಮೇಲಧಿಕಾರಿಯ ಎದುರಿನಲ್ಲಿ ಹೇಗೆ ನಿಲ್ಲುತ್ತಿದ್ದರು, ಭಯವನ್ನು ಯಾವ ಬಗೆಯ ಹಾಸ್ಯದಿಂದ ಮುಚ್ಚುತ್ತಿದ್ದರು ಎಂಬುದು ಯಾವ ಸರ್ಕಾರಿ ಕಡತದಲ್ಲಿಯೂ ದೊರೆಯಲಾರದು.

ವಿಮಾನದ ಒಳಭಾಗದ ದೃಶ್ಯಗಳನ್ನು ಸ್ಟುಡಿಯೋದಲ್ಲಿ ತೆಗೆದರೆಂಬುದೂ, ಗುರಿಯು ಉರಿಯುವ ದೃಶ್ಯಕ್ಕೆ ಚಿಕ್ಕ ಮಾದರಿಗಳನ್ನು ಬಳಸಿದರೆಂಬುದೂ ದೊಡ್ಡ ಆಕ್ಷೇಪಗಳಲ್ಲ. ರಾತ್ರಿಯ ದಾಳಿಯ ನಡುವೆ ಕ್ಯಾಮರಾ ಹಿಡಿದು ನಿಲ್ಲುವುದು ಅಂದು ಸಾಧ್ಯವಿರಲಿಲ್ಲ. (ಮಾದರಿ ರೈಲು ಮಾತ್ರ ಮಕ್ಕಳ ಆಟಿಕೆಯಂತೆಯೇ ಕಾಣುತ್ತದೆಂದು ಒಪ್ಪಬೇಕು, ನಮ್ಮ ವಿದ್ಯಾರ್ಥಿಗಳು ನಕ್ಕದ್ದು ಅಲ್ಲೊಂದೇ ಕಡೆ.) ಆಕ್ಷೇಪವಿರುವುದು ಬೇರೆಡೆ. ಫ್ರೆಡ್ಡಿ ವಿಮಾನವು ಕತ್ತಲೆಯಲ್ಲಿ ನೂರಾರು ಮೈಲಿ ಹಾರಿ ‘ಫ್ರೈಹೌಸೆನ್’ ಎಂಬ ಕಲ್ಪಿತ ಊರಿನ ಎಣ್ಣೆಯ ಉಗ್ರಾಣವನ್ನು ಗುರುತಿಸುತ್ತದೆ, ಬಾಂಬು ಅದಕ್ಕೇ ತಗಲುತ್ತದೆ, ಉಗ್ರಾಣ ಹೊತ್ತಿಕೊಳ್ಳುತ್ತದೆ. ಇಡೀ ಚಿತ್ರ ನಿರ್ಮಾಣವಾದದ್ದು ಈ ಒಂದು ಕ್ಷಣಕ್ಕಾಗಿ.

ಚಿತ್ರ ತೆರೆಕಂಡ ಮೂರು ನಾಲ್ಕು ವಾರಗಳೊಳಗಾಗಿ, ೧೯೪೧ರ ಆಗಸ್ಟ್ ೧೮ರಂದು, ಒಂದು ರಹಸ್ಯ ವರದಿ ಸಿದ್ಧವಾಯಿತು. ಪ್ರಧಾನಿ ಚರ್ಚಿಲನ ವೈಜ್ಞಾನಿಕ ಸಲಹೆಗಾರ ಲಾರ್ಡ್ ಚೆರ್‌ವೆಲ್‌ನ ಸೂಚನೆಯ ಮೇರೆಗೆ ಯುದ್ಧಸಂಪುಟದ ಕಾರ್ಯಾಲಯದ ಡಿ. ಎಂ. ಬಟ್ ಎಂಬ ಅಧಿಕಾರಿ ಇದನ್ನು ತಯಾರಿಸಿದನು. ಬಾಂಬು ಬಿಡುವ ಹೊತ್ತಿಗೆ ವಿಮಾನಗಳಿಂದಲೇ ತೆಗೆದ ೬೦೦ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಅವನು ಪರೀಕ್ಷಿಸಿದನು. ಅವು ಆ ಜೂನ್ ಮತ್ತು ಜುಲೈ ತಿಂಗಳುಗಳ ೧೦೦ ದಾಳಿಗಳಿಗೆ ಸಂಬಂಧಿಸಿದವು. ಎಂದರೆ ಚಿತ್ರವು ತೆರೆಗೆ ಬರುತ್ತಿದ್ದ ದಿನಗಳವೇ. ಗುರಿಯನ್ನು ಮುಟ್ಟಿದೆವೆಂದು ದಾಖಲೆಯಾಗಿದ್ದ ವಿಮಾನಗಳ ಪೈಕಿ ಮೂರರಲ್ಲಿ ಒಂದು ಮಾತ್ರ ಗುರಿಯ ೫ ಮೈಲಿಗಳೊಳಗೆ ಬಂದಿತ್ತು. ಫ್ರೆಂಚ್ ಬಂದರುಗಳ ಮೇಲೆ ಈ ಪ್ರಮಾಣ ಮೂರರಲ್ಲಿ ಎರಡು. ಜರ್ಮನಿಯ ಮೇಲೆ ನಾಲ್ಕರಲ್ಲಿ ಒಂದು. ಹೊಗೆ ಮುಸುಕಿದ ರೂರ್ ಪ್ರಾಂತದಲ್ಲಿ ಹತ್ತರಲ್ಲಿ ಒಂದು. ಹುಣ್ಣಿಮೆಯ ಸುಮಾರಿಗೆ ಐದರಲ್ಲಿ ಎರಡಿದ್ದುದು ಅಮಾವಾಸ್ಯೆಯ ಸುಮಾರಿಗೆ ಹದಿನೈದರಲ್ಲಿ ಒಂದಕ್ಕೆ ಇಳಿಯುತ್ತಿತ್ತು. ೫ ಮೈಲಿಯ ಅಂತರವೆಂದರೆ ಗುರಿಯ ಸುತ್ತ ಸುಮಾರು ೭೮ ಚದರ ಮೈಲಿಯ ಪ್ರದೇಶ. ಅದರಲ್ಲಿ ಎಲ್ಲಿ ಬಂದಿದ್ದರೂ ವಿಮಾನವು ಗುರಿಯನ್ನು ಮುಟ್ಟಿತೆಂದೇ ವರದಿಯ ಲೆಕ್ಕ. ಹೊರಟ ವಿಮಾನಗಳಲ್ಲಿ ಮೂರನೆಯ ಒಂದು ಭಾಗ ಗುರಿಯನ್ನು ಮುಟ್ಟಿದೆವೆಂದು ಹೇಳಿಯೇ ಇರಲಿಲ್ಲ. ಅವು ಮೇಲಿನ ಪ್ರಮಾಣಗಳಿಗೆ ಸೇರಿಲ್ಲ.

ಹಾಗಾದರೆ ವಾಟನು ಸುಳ್ಳು ಹೇಳಿದನೆ? ಹಾಗೆಂದು ನಮಗೆ ತೋರುವುದಿಲ್ಲ. ವರದಿಯನ್ನು ಓದಿದ ಬಾಂಬರ್ ಕಮಾಂಡಿನ ಅಧಿಕಾರಿಗಳೇ ಅದನ್ನು ನಂಬಲು ಹಿಂಜರಿದರು. ಸಿಬ್ಬಂದಿಯವರೂ ತಾವು ಕಂಡೆವೆಂದುಕೊಂಡದ್ದನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಗಾಳಿಯ ವೇಗವನ್ನು ಊಹಿಸಿ, ನಕ್ಷತ್ರಗಳನ್ನು ಅಳೆದು, ಮೋಡದ ಸಂದಿನಲ್ಲಿ ಕಂಡ ನದಿಯ ತಿರುವನ್ನು ನಕ್ಷೆಯೊಡನೆ ಹೋಲಿಸಿ ದಾರಿ ಹುಡುಕಬೇಕಾಗಿದ್ದ ಕಾಲ ಅದು. ‘ಜೀ’ ಎಂಬ ರೇಡಿಯೋ ಸಾಧನ ವ್ಯಾಪಕವಾಗಿ ಬಳಕೆಗೆ ಬಂದದ್ದು ೧೯೪೨ರ ಮಾರ್ಚಿಯಲ್ಲಿ. ಕೆಳಗೆ ಬೆಂಕಿ ಕಂಡರೆ ಅದು ತಾವು ಹಚ್ಚಿದ್ದೆಂದೇ ತಿಳಿಯುವುದು ಅಂಥ ರಾತ್ರಿಗಳಲ್ಲಿ ಸಹಜವಾಗಿತ್ತು.

ಇಲ್ಲಿ ನಮ್ಮ ಗಮನ ಸೆಳೆದದ್ದು ಚಿತ್ರದ ಕೊನೆಯ ಭಾಗದ ಒಂದು ದೃಶ್ಯ. ಹಿಂತಿರುಗಿದ ಸಿಬ್ಬಂದಿ ಬಳಲಿ ಬಂದು ಅಧಿಕಾರಿಯ ಮುಂದೆ ನಡೆದುದನ್ನು ಹೇಳುತ್ತಾರೆ. ಅವರು ಹೇಳಿದ್ದು ದಾಖಲೆಯಾಗುತ್ತದೆ. ಮೊದಲ ಸಲ ನೋಡಿದಾಗ ಇದನ್ನು ನಾವು ಕೇವಲ ಸಂಧಿದೃಶ್ಯವೆಂದು ಬಿಟ್ಟಿದ್ದೆವು. ವಸ್ತುತಃ ಬಟ್ಟನು ಪರೀಕ್ಷಿಸಿ ಪೊಳ್ಳೆಂದು ತೋರಿಸಿದ್ದು ಇದೇ ಬಗೆಯ ದಾಖಲೆಗಳನ್ನು. ತಪ್ಪು ಯಾವ ಮೇಜಿನ ಮೇಲೆ, ಎಂಥ ಸದ್ಭಾವದಿಂದ, ಯಾವ ಅವಸರದಲ್ಲಿ ಹುಟ್ಟುತ್ತಿತ್ತೆಂಬುದನ್ನು ಚಿತ್ರವು ತನಗೆ ಅರಿವಿಲ್ಲದೆ ತೋರಿಸಿಬಿಟ್ಟಿದೆ. ಉರಿಯುವ ಉಗ್ರಾಣವು ಸಾಕ್ಷ್ಯವಾಗಿ ನಿರರ್ಥಕ. ಅದರ ಬಗ್ಗೆ ಬರೆದುಕೊಳ್ಳುವ ಪೆನ್ಸಿಲು ಅಮೂಲ್ಯ.

ಅದೇ ಕಾಲದ ಇನ್ನೊಂದು ಜನಪ್ರಿಯ ಚಿತ್ರದೊಡನೆ ಇದನ್ನು ಹೋಲಿಸಬಹುದು. ಲೆಸ್ಲಿ ಹೋವರ್ಡ್ ನಿರ್ದೇಶಿಸಿ ನಟಿಸಿದ ‘ದಿ ಫಸ್ಟ್ ಆಫ್ ದಿ ಫ್ಯೂ’ (೧೯೪೨) ಸ್ಪಿಟ್‌ಫೈರ್ ವಿಮಾನದ ವಿನ್ಯಾಸಕಾರ ಆರ್. ಜೆ. ಮಿಚೆಲ್‌ನ ಚರಿತ್ರೆ. ಅದರಲ್ಲಿ ಕಲ್ಪನೆ ಧಾರಾಳವಾಗಿದೆ. ಮಿಚೆಲನು ಕಡಲಹಕ್ಕಿಗಳನ್ನು ನೋಡಿ ವಿಮಾನದ ರೂಪವನ್ನು ಕಾಣುತ್ತಾನೆ, ಜರ್ಮನಿಗೆ ಹೋಗಿ ಬಂದು ಎಚ್ಚೆತ್ತುಕೊಳ್ಳುತ್ತಾನೆ, ಅತಿಶ್ರಮದಿಂದ ಸಾಯುತ್ತಾನೆ. ಅವನು ೧೯೩೭ರ ಜೂನ್‌ನಲ್ಲಿ ತೀರಿಕೊಂಡದ್ದು ಕ್ಯಾನ್ಸರ್ ರೋಗದಿಂದ. ಡೇವಿಡ್ ನಿವೆನ್ ವಹಿಸಿದ ವೈಮಾನಿಕನ ಪಾತ್ರವಂತೂ ಪೂರ್ತಿ ಕಲ್ಪಿತ. ಆದರೂ ಇದು ಅಷ್ಟಾಗಿ ದಾರಿ ತಪ್ಪಿಸುವುದಿಲ್ಲವೆಂದು ನಮ್ಮ ಅಭಿಪ್ರಾಯ. ತೆರೆಯ ಮೇಲಿರುವವನು ಹೋವರ್ಡನೆಂದು ಪ್ರೇಕ್ಷಕನಿಗೆ ಗೊತ್ತು. ನಾಟಕಕ್ಕೆ ಸಲ್ಲಬೇಕಾದ ರಿಯಾಯಿತಿಯನ್ನು ಅವನೇ ಕೊಟ್ಟುಕೊಳ್ಳುತ್ತಾನೆ. ವಾಟನ ಚಿತ್ರದಲ್ಲಿ ಆ ರಿಯಾಯಿತಿಗೆ ಎಡೆಯಿಲ್ಲ. ಪಿಕಾರ್ಡನ ಪೈಪು ನಿಜ, ಅವನ ಮಾತಿನ ಧಾಟಿ ನಿಜ, ವಿಮಾನ ನಿಜ. ಆದ್ದರಿಂದ ಬಾಂಬು ತಗಲಿದ್ದೂ ನಿಜವೆಂದು ಮನಸ್ಸು ಒಪ್ಪುತ್ತದೆ. ನಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ: ನಟರಿಲ್ಲದಿರುವುದೇ ನಂಬಿಕೆಯನ್ನು ಅದು ಸಲ್ಲದ ಕಡೆಗೂ ಹರಿಸಿತು.

ಇದು ಕೇವಲ ರಸವಿಮರ್ಶೆಯ ಮಾತಲ್ಲ. ಫ್ರೈಹೌಸೆನ್‌ನಲ್ಲಿ ಎಣ್ಣೆಯುಂಟು, ರೈಲುಂಟು, ವಿಮಾನಗಳತ್ತ ಗುಂಡು ಹಾರಿಸುವ ಸೈನಿಕರುಂಟು, ವಾಸದ ಮನೆಗಳಿಲ್ಲ. ಉಗ್ರಾಣವನ್ನೇ ಹೊಡೆಯಬಲ್ಲೆವೆಂಬ ನಂಬಿಕೆಯಿದ್ದಷ್ಟು ದಿನ ಮನೆಗಳ ವಿಚಾರ ಏಳುವುದಿಲ್ಲ. ಆ ನಂಬಿಕೆ ಕುಸಿಯಿತೆಂಬುದು ಆಳುವವರಿಗೆ ತಿಳಿದದ್ದು ಆಗಸ್ಟಿನಲ್ಲಿ. ೧೯೪೨ರ ಫೆಬ್ರವರಿ ೧೪ರಂದು ಬಾಂಬರ್ ಕಮಾಂಡಿಗೆ ಹೊಸ ಆದೇಶ ಹೋಯಿತು. ಶತ್ರುದೇಶದ ನಾಗರಿಕರ, ವಿಶೇಷವಾಗಿ ಕಾರ್ಖಾನೆಯ ಕೆಲಸಗಾರರ ಸ್ಥೈರ್ಯವೇ ಇನ್ನು ಮುಂದೆ ಮುಖ್ಯ ಗುರಿ. ಬಟ್ ವರದಿಯೊಂದೇ ಇದಕ್ಕೆ ಕಾರಣವೆನ್ನಲಾಗದಿದ್ದರೂ ಮುಖ್ಯ ಕಾರಣಗಳಲ್ಲಿ ಅದೂ ಒಂದು. ೧೯೪೩ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರವೊಂದರಲ್ಲಿಯೇ ೩೦,೦೦೦ಕ್ಕೂ ಮಿಕ್ಕಿ ಜನ ಸತ್ತರು. ಬಾಂಬರ್ ಕಮಾಂಡಿನ ಪಕ್ಷದಲ್ಲಿ ಯುದ್ಧ ಮುಗಿಯುವುದರೊಳಗೆ ಸತ್ತವರು ೫೫,೫೭೩ ಮಂದಿ. ಪ್ರೇಕ್ಷಕರ ಮನಸ್ಸಿನಲ್ಲಿ ಮಾತ್ರ ಒಂದು ಎಣ್ಣೆಯ ಉಗ್ರಾಣವೇ ಉರಿಯುತ್ತಿತ್ತು. ಸರ್ಕಾರಕ್ಕೆ ತಿಳಿದಿದ್ದಕ್ಕೂ ಜನರು ನಂಬಿದ್ದಕ್ಕೂ ನಡುವೆ ಬಿದ್ದ ಈ ಅಂತರವನ್ನು ಹೇಳದೆ ಚಿತ್ರವನ್ನು ತೋರಿಸುವ ಅಧ್ಯಾಪಕನು, ಅದನ್ನು ಮಾಡಿಸಿದ ಖಾತೆಯ ಕೆಲಸವನ್ನೇ ಇಂದಿಗೂ ಮುಂದುವರಿಸಿದಂತಾಗುತ್ತದೆ.

ಪಿಯರ್ಸನು ೧೯೪೨ರ ಜನವರಿಯಲ್ಲಿ ಬಾಂಬರ್ ಕಮಾಂಡನ್ನು ಬಿಟ್ಟು, ಅದೇ ವರ್ಷ ಭಾರತದಲ್ಲಿನ ವಿಮಾನಪಡೆಗಳ ಮುಖ್ಯಸ್ಥನಾಗಿ ಬಂದನು. ಪಿಕಾರ್ಡನು ೧೯೪೪ರ ಫೆಬ್ರವರಿ ೧೮ರಂದು ಫ್ರಾನ್ಸಿನ ಆಮಿಯೆನ್ ಸೆರೆಮನೆಯ ಮೇಲಿನ ದಾಳಿಯಲ್ಲಿ ಮಡಿದನು. ಅಂದು ಅವನು ನಡೆಸುತ್ತಿದ್ದ ಮಾಸ್ಕಿಟೋ ವಿಮಾನದ ಗುರುತಿನ ಅಕ್ಷರವೂ ‘ಎಫ್’ ಎಂದೇ ಇತ್ತು. ಚಿತ್ರದಲ್ಲಿ ಮಂಜಿನೊಳಗಿಂದ ಇಳಿದು ಬರುವ ಅವನ ಮುಖವನ್ನು ಇದು ತಿಳಿದ ಮೇಲೆ ನೋಡುವುದು ಬೇರೆ.

ಎರಡನೆಯ ಸಲ ತೋರಿಸಿದಾಗ ನಾವು ಚಿತ್ರವನ್ನು ಆ ವಿಚಾರಣೆಯ ಮೇಜಿನ ಬಳಿ ನಿಲ್ಲಿಸಿ, ಅಧಿಕಾರಿಗೆ ಈ ಉತ್ತರವನ್ನು ಸರಿನೋಡಲು ಯಾವ ಸಾಧನವಿತ್ತೆಂದು ಬರೆಯಿರಿ ಎಂದೆವು. ಹೆಚ್ಚಿನವರು ಪುಟ ತುಂಬ ಬರೆದರು. ಮೊದಲು ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: “ಆ ವಿಮಾನದಲ್ಲಿ ಕ್ಯಾಮರಾ ಇತ್ತೆ?”